ಒದ್ದೆ ಐತೆ ಅಂದ ಟ್ಯಾಂಕರ್ ಮಾವ

ಮೊನ್ನೆ ಗುರುವಾರ ಜಗಳೂರಿನಲ್ಲಿ ನಮ್ಮ ಬೈಕ್ ರೇಸಿನ ಕಮಿಟಿ ಸಭೆ ಇತ್ತು. ಕೋಣೆಯ ಮೂಲೆಯಲ್ಲಿ ಕುಡಿಯುವ ನೀರಿನ ಗಡಿಗೆ ಇಟ್ಟಿದ್ದರು. ನೀರು ತಣ್ಣಗಿರಲೆಂದು ಅದಕ್ಕೆ ಒದ್ದೆ ಗೋಣಿಚೀಲ ಸುತ್ತಿದ್ದರು. ಫ್ಯಾನ್ ಆ ಕಡೆ ತಿರುಗಿದಾಗಲೆಲ್ಲ ಗೋಣಿಯ ಆ ಮುಗ್ಗಲು ವಾಸನೆ ನನ್ನ ಕುರ್ಚಿಯವರೆಗೆ ಬರುತ್ತಿತ್ತು. ಕೆಲವರಿಗೆ ಮಲ್ಲಿಗೆಯ ಪರಿಮಳಕ್ಕೆ ಹಳೆಯದೆಲ್ಲ ನೆನಪಾಗುತ್ತದಂತೆ. ನನ್ನ ಹಣೆಯಲ್ಲಿ ಗೋಣಿಚೀಲ ಬರೆದಿದೆ, ಏನು ಮಾಡುವುದು!

ನಮ್ಮ ಪಕ್ಕದ ಮನೆಯ ಟ್ಯಾಂಕರ್ ಮಾವ ತಮ್ಮ ನೀರಿನ ಲಾರಿಯ ಹಿಂದಿನ ವಾಲ್ವಿಗೆ ಸದಾ ಒಂದು ಗೋಣಿಚೀಲ ಬಿಗಿದು ಕಟ್ಟಿರುತ್ತಿದ್ದರು. ವಾಲ್ವು ಸೋರುತ್ತಿತ್ತು. ಹೊಸದು ಹಾಕಿಸಿ ಎಂದರೆ, "ಸೋರಿದ್ರೆ ಸೋರ್ಲಿ ಬಿಡೋ, ಟ್ಯಾಂಕರ್ ಬಂತು ಅಂತ ರಸ್ತೆಗಾದ್ರೂ ಗೊತ್ತಾಗ್ತೈತೆ" ಎನ್ನುತ್ತಿದ್ದರು. ನಲ್ಲೂರಿನ ನಮ್ಮ ಓಣಿಯಲ್ಲಿ ಆ ಲಾರಿ ನಿಂತ ಜಾಗದಲ್ಲಿ ಬೇಸಿಗೆಯಲ್ಲೂ ಒಂದು ತೇವದ ಮಚ್ಚೆ ಇರುತ್ತಿತ್ತು. ಅವರು ನನಗೆ ಸಂಬಂಧದಲ್ಲಿ ಏನೂ ಆಗಬೇಕಿರಲಿಲ್ಲ. ಆದರೂ ಮಾವ ಎಂದೇ ಕರೆಯುತ್ತಿದ್ದೆ, ಊರೆಲ್ಲ ಹಾಗೆಯೇ ಕರೆಯುತ್ತಿತ್ತು.

ಸಭೆಯ ವಿಷಯಕ್ಕೆ ಬರುತ್ತೇನೆ. ಈ ಭಾನುವಾರ ರೇಸು. ಪ್ರತಿ ವರ್ಷ ಜಗಳೂರಿನ ಹೊರಗೆ, ಶೇಂಗಾ ಕಿತ್ತು ಖಾಲಿಯಾದ ಹೊಲದಲ್ಲಿ ಸುತ್ತಿನ ಹಾದಿ ಕಡಿದು, ಸುಣ್ಣದ ಗೆರೆ ಎಳೆದು ನಾವು ನಡೆಸುವ ಮಣ್ಣಿನ ರೇಸು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯಿಂದಲೂ ಸವಾರರು ಬರುತ್ತಾರೆ. ವಾರದ ಮೊದಲಿನಿಂದಲೇ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಕಾವು ಏರಿತ್ತು. ಜಗಳ ಒಂದೇ, ಪ್ರತಿ ವರ್ಷದ್ದೇ. ಓವರ್‌ಟೇಕ್ ಎಲ್ಲಿ ಮಾಡಬಹುದು, ಎಲ್ಲಿ ಮಾಡಬಾರದು? ತಿರುವಿನಲ್ಲಿ ಬೇಡವೇ ಬೇಡ ಎಂದು ಒಬ್ಬರು. ಪ್ರತಿಯೊಬ್ಬರೂ ಒಮ್ಮೆ ಉದ್ದದ ಹೊರಸುತ್ತು ಹಾಕಿ ಬರಲಿ, ಆಗ ತಾನಾಗಿಯೇ ಹಿಂದೆ ಮುಂದೆ ಆಗುತ್ತದೆ ಎಂದು ಮೊಬೈಲಿನಲ್ಲಿ ಯಾವುದೋ ದೇಶದ ರೇಸು ನೋಡಿದ ಇನ್ನೊಬ್ಬರು. ಟಿವಿಯಲ್ಲಿ ಬರುವ ದೊಡ್ಡ ಕಾರ್ ರೇಸಿನ ಮಾತೂ ಬಂತು. ಅಲ್ಲಿ ಮೊದಲು ಮುಂದಿನ ಕಾರಿಗೆ ತೀರಾ ಹತ್ತಿರ ಬಂದರೆ ಹಿಂದಿನ ಕಾರಿನ ಬೆನ್ನಿನ ರೆಕ್ಕೆಯಂಥ ಪಟ್ಟಿ ತೆರೆದುಕೊಂಡು ವೇಗ ಹೆಚ್ಚುತ್ತಿತ್ತು. ಈಗ ಅದನ್ನೂ ಬದಲಿಸಿ, ಗುಂಡಿ ಒತ್ತಿದರೆ ಬ್ಯಾಟರಿಯ ಬಲ ಹೆಚ್ಚು ಸಿಗುವಂತೆ ಮಾಡಿದ್ದಾರಂತೆ. ಅಷ್ಟು ಕಲಿತವರಿಗೇ ಈ ಲೆಕ್ಕ ಇನ್ನೂ ಕೂಡಿಬಂದಿಲ್ಲ ಎಂದರೆ ನಮ್ಮದೇನು ಮಹಾ ಎಂದು ನನಗೆ ನಗು ಬಂತು.

ನಾನು ಈಗ ಆ ಕಮಿಟಿಯಲ್ಲಿ ನಿಯಮ ಬರೆಯುವವನು. ಚನ್ನಗಿರಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ನನ್ನದು. ಬೋರ್‌ವೆಲ್ ಮೋಟಾರಿಗೆ ತಂತಿ ಸುತ್ತುವ ಕೈ ನಿಯಮವನ್ನೂ ನೀಟಾಗಿ ಸುತ್ತುತ್ತದೆ ಎಂದು ಸ್ನೇಹಿತರು ಚುಡಾಯಿಸುತ್ತಾರೆ. ಚುಡಾಯಿಸಲಿ. ಓವರ್‌ಟೇಕ್ ಬಗ್ಗೆ ನನಗಿಂತ ಚೆನ್ನಾಗಿ ತಿಳಿದವರು ಈ ನಾಲ್ಕು ತಾಲ್ಲೂಕಿನಲ್ಲಿ ಇಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ. ಒಬ್ಬರಿದ್ದರು...

ಹದಿನೆಂಟು ವರ್ಷದ ಹಿಂದೆ ನನಗೆ ಇಪ್ಪತ್ತನಾಲ್ಕು. ನನ್ನ ಬೈಕು ಹಳೆಯದು, ನೇರ ಹಾದಿಯಲ್ಲಿ ಎಲ್ಲರೂ ನನ್ನನ್ನು ಬಿಟ್ಟು ಹೋಗುತ್ತಿದ್ದರು. ತಿರುವಿನಲ್ಲಿ ಮಾತ್ರ ನಾನು ರಾಜ. ಮುಂದಿನವನು ತಿರುವಿಗೆ ಹೆದರಿ ಬ್ರೇಕ್ ಹಿಡಿದ ಕ್ಷಣದಲ್ಲಿ ಒಳಗಿನಿಂದ ನುಗ್ಗಿ ಹೋಗುವುದು ನನ್ನ ಕೆಲಸ. ಅದನ್ನು ಕಲಿತದ್ದು ನಮ್ಮೂರ ಕೆರೆಯಂಗಳದಲ್ಲಿ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಟ್ಯಾಂಕರ್ ಮಾವ ಭಾನುವಾರ ಬೆಳಿಗ್ಗೆ ಒಂದು ಸುತ್ತು ನೀರು ಹಾಕಿಕೊಡುತ್ತಿದ್ದರು. ಯಾರೂ ಹೇಳದೆ, ಯಾರೂ ಕೇಳದೆ. ನಾನು ಗಾಡಿ ಓಡಿಸುವಾಗ ಬನಿಯನ್‌ನಲ್ಲಿ ಲಾರಿಯ ಬಂಪರ್ ಮೇಲೆ ಕೂತು ಬೀಡಿ ಸೇದುತ್ತ ನೋಡುತ್ತಿದ್ದರು. ಬಿದ್ದರೆ ಎದ್ದು ಬರುತ್ತಿರಲಿಲ್ಲ. ನಾನು ಎದ್ದ ಮೇಲೆ, "ನೀರು ಎಲ್ಲಿ ಕಡಿಮೆ ಆಗೈತೆ ಅಂತ ಗಾಲಿಗೆ ಗೊತ್ತಾಯ್ತು, ತಲೆಗೆ ಗೊತ್ತಾಗ್ಲಿಲ್ಲ ನೋಡು" ಎನ್ನುತ್ತಿದ್ದರು.

ಅವರ ಕೆಲಸ ರಸ್ತೆ ಕಾಮಗಾರಿಯಲ್ಲಿ. ಹೊಸ ರಸ್ತೆಗೆ ಮಣ್ಣು ಸುರಿದ ಮೇಲೆ ರೋಲರ್ ಓಡುವ ಮುಂಚೆ ನೀರು ಹಾಕಬೇಕಲ್ಲ, ಆ ನೀರು ಇವರದು. ಯಾವ ಮಣ್ಣು ಎಷ್ಟು ನೀರು ಕುಡಿಯುತ್ತದೆ, ಎಷ್ಟು ಹೊತ್ತು ಹಿಡಿದಿಡುತ್ತದೆ ಎಂಬುದು ಅವರ ಬೆರಳಿನಲ್ಲಿತ್ತು. ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಒತ್ತುತ್ತಿದ್ದರು. ಉಂಡೆ ಕಟ್ಟಿ ನಿಂತರೆ ಹದ ಆಗಿದೆ, ಪುಡಿಯಾದರೆ ಇನ್ನೂ ಬೇಕು. ದೊಡ್ಡ ಇಂಜಿನಿಯರುಗಳೂ ಆ ಉಂಡೆ ನೋಡಿಯೇ ರೋಲರ್‌ಗೆ ಕೈ ಬೀಸುತ್ತಿದ್ದರು ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಸ್ವಲ್ಪ ಬಡಾಯಿಯೂ ಇತ್ತು ಅವರಿಗೆ, ಇಲ್ಲ ಎಂದರೆ ಸುಳ್ಳಾಗುತ್ತದೆ.

ಜಗಳೂರಿನ ರೇಸಿಗೂ ನೀರು ಅವರದೇ. ಎರಡು ದಿನ ಮೊದಲೇ ಲಾರಿ ತಂದು ನಿಲ್ಲಿಸಿ, ಅದರ ನೆರಳಿನಲ್ಲೇ ಊಟ ನಿದ್ದೆ. ರೇಸಿನ ದಿನಕ್ಕೆಂದೇ ಒಂದು ಬಿಳಿ ಅಂಗಿ ಇತ್ತು. ವರ್ಷವಿಡೀ ಇಷ್ಟೊಂದು ಕೆಲಸ ಇರುವಾಗ ಈ ಬಿಟ್ಟಿ ಉಸಾಬರಿ ಯಾಕೆ ಮಾವ ಎಂದು ಒಮ್ಮೆ ಕೇಳಿದ್ದೆ. "ನಾನು ನೀರು ಹಾಕಿದ ರಸ್ತೆ ಮ್ಯಾಲೆ ಡಾಂಬರು ಬಿತ್ತಂದ್ರೆ ನನ್ನ ನೀರು ಯಾರಿಗಪ್ಪ ಕಾಣ್ತೈತೆ? ವರ್ಷಕ್ಕೊಂದಿನ ಇಲ್ಲಿ ಕಾಣ್ತೈತೆ" ಎಂದಿದ್ದರು. ಆ ಮಾತಿನಲ್ಲಿ ಎಷ್ಟು ಭಾರ ಇತ್ತು ಎಂದು ಆಗ ನನಗೆ ತಿಳಿಯಲಿಲ್ಲ.

ನನಗೆ ಇಪ್ಪತ್ತನಾಲ್ಕಾದ ಆ ವರ್ಷದ ಹಿಂದಿನ ರೇಸಿನಲ್ಲಿ ಒಂದು ಅನಾಹುತ ಆಗಿತ್ತು. ಮುಂದಿನ ಬೈಕು ಎಬ್ಬಿಸಿದ ಧೂಳಿನಲ್ಲಿ ಹಿಂದಿನವನಿಗೆ ಏನೂ ಕಾಣದೆ, ಇಬ್ಬರು ಡಿಕ್ಕಿ ಹೊಡೆದು ಒಬ್ಬನ ಹೆಗಲ ಮೂಳೆ ಮುರಿದಿತ್ತು. ಆಗಿನ ಕಮಿಟಿಗೆ ಹೊನ್ನಾಳಿಯ ಒಂದು ಗ್ಯಾರೇಜಿನ ಯಜಮಾನರು ಅಧ್ಯಕ್ಷರು. ಅವರು ಓವರ್‌ಟೇಕೇ ಬೇಡ, ಒಬ್ಬೊಬ್ಬರನ್ನೇ ಬಿಟ್ಟು ಗಡಿಯಾರ ಹಿಡಿಯೋಣ ಎಂದರು. ಸಭೆಯಲ್ಲಿ ತಲೆಯಾಡಿಸಿದವರೇ ಹೆಚ್ಚು. ನನಗೆ ಜೀವ ಬಾಯಿಗೆ ಬಂದಿತ್ತು. ಗಡಿಯಾರ ಹಿಡಿದರೆ ನನ್ನ ಹಳೆಯ ಗಾಡಿಗೆ ಕೊನೆಯ ಜಾಗವೇ ಗಟ್ಟಿ. ಎದ್ದು ನಿಂತು, ಹಿಂದಿಕ್ಕುವುದೇ ಇಲ್ಲ ಎಂದರೆ ಅದು ರೇಸಲ್ಲ, ಮದುವೆಯ ದಿಬ್ಬಣ ಎಂದು ಕೂಗಾಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗ ಬಾಗಿಲ ಹತ್ತಿರ ನಿಂತಿದ್ದ ಟ್ಯಾಂಕರ್ ಮಾವ ಮಾತಾಡಿದರು. ಸಭೆಯಲ್ಲಿ ಅವರು ಮಾತಾಡಿದ್ದು ಅದೇ ಮೊದಲು. ದೊಡ್ಡ ತಿರುವಿನ ಎರಡೂ ತುದಿಗೆ ಸುಣ್ಣದ ಗೆರೆ ಹಾಕೋಣ, ಆ ಗೆರೆಗಳ ನಡುವೆ ನಾನು ನೀರು ಕುಡಿಸಿ, ಧೂಳೂ ಏಳದ ಗಾಲಿಯೂ ಜಾರದ ಹಾಗೆ ಹದ ಮಾಡಿ ಕೊಡುತ್ತೇನೆ, ಅಲ್ಲಿ ಮಾತ್ರ ದಾಟಲಿ, ಉಳಿದ ಕಡೆ ಸಾಲಿನಲ್ಲಿ ಬರಲಿ. ಗೆರೆಯ ನಡುವೆಯೂ ನೆಲ ಒಣಗಿದ್ದರೆ ದಾಟುವ ಹಾಗಿಲ್ಲ, ದಾಟಿದವನು ಹೊರಗೆ. ಇದು ಅವರು ಹೇಳಿದ ನಿಯಮ. ಈಗಿನ ಟಿವಿ ರೇಸಿನವರು ಲಕ್ಷ ಲಕ್ಷ ಸಂಬಳದ ತಲೆಗಳನ್ನು ಕೂರಿಸಿ ಮಾಡುವುದನ್ನು ಈ ಮನುಷ್ಯ ಬಾಗಿಲಿಗೆ ಒರಗಿಕೊಂಡು ಮಾಡಿದ್ದರು.

"ಬಿದ್ರೆ ಯಾರ್ರೀ ಜವಾಬ್ದಾರಿ?" ಎಂದರು ಅಧ್ಯಕ್ಷರು.

"ನಾನು ರೀ. ಒದ್ದೆ ನೆಲದಾಗೆ ದಾಟಾಕೆ ಹೋಗಿ ಒಬ್ರು ಬಿದ್ರೂ ನನ್ನ ಟ್ಯಾಂಕರ್ ಮತ್ತೆ ಈ ಹೊಲ ಮೆಟ್ಟಲ್ಲ. ಇದು ನನ್ನ ಮಾತು" ಎಂದರು ಮಾವ.

ಮಾತು ಪಾಸಾಯಿತು. ನೆಲ ಒದ್ದೆಯೋ ಒಣವೋ ಎಂಬ ತೀರ್ಪೂ ಅವರದೇ, ಉಂಡೆ ಕಟ್ಟಿ ನೋಡಿ ಹೇಳಬೇಕು ಎಂದು ಬರೆದುಕೊಂಡರು. ನಾನು ಅವತ್ತು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಬೇಕಿತ್ತು. ಬದಲಿಗೆ ಓಡಿ ಹೋಗಿ ನನ್ನ ಬೈಕಿನ ಹಿಂದಿನ ಗಾಲಿಗೆ ಹೊಸ ಟೈರು ಹುಡುಕಲು ಶುರು ಮಾಡಿದೆ.

ರೇಸಿನ ದಿನ ಬೆಳಿಗ್ಗೆಯ ಸುತ್ತುಗಳೆಲ್ಲ ಹೂವಿನ ಹಾಗೆ ನಡೆದವು. ಗೆರೆಗಳ ನಡುವೆ ನೆಲ ಕಡುಗೆಂಪಾಗಿ ಹದವಾಗಿತ್ತು. ಸವಾರರು ಅಲ್ಲಿ ಬಂದು ಒಬ್ಬರ ಪಕ್ಕ ಒಬ್ಬರು ನುಗ್ಗಿ ದಾಟುತ್ತಿದ್ದರೆ ಜನ ಶಿಳ್ಳೆ ಹಾಕುತ್ತಿದ್ದರು. ಒಂದು ಚೂರು ಧೂಳಿಲ್ಲ. ಮಾವ ಬಿಳಿ ಅಂಗಿಯಲ್ಲಿ ಲಾರಿಯ ಪಕ್ಕ ಕೈಕಟ್ಟಿ ನಿಂತಿದ್ದರು. ಹೋಗುವವರು ಬರುವವರೆಲ್ಲ ಅವರ ಬೆನ್ನು ತಟ್ಟುತ್ತಿದ್ದರು, ಅವರು ಏನೂ ಆಗದವರ ಹಾಗೆ ಮುಖ ಆ ಕಡೆ ತಿರುಗಿಸುತ್ತಿದ್ದರು.

ಮಧ್ಯಾಹ್ನ ಫೈನಲ್‌ಗೆ ಮುಂಚೆ ಇನ್ನೊಂದು ಲೋಡು ನೀರು ಹಾಕಬೇಕಿತ್ತು. ಪಕ್ಕದ ಹೊಲದ ಬೋರ್‌ವೆಲ್‌ನಲ್ಲಿ ತುಂಬಿಸುವುದೆಂದು ಮಾತಾಗಿತ್ತು. ತ್ರೀಫೇಸ್ ಕರೆಂಟು ಹೋಯಿತು. ಮಾವ ಲಾರಿ ತಿರುಗಿಸಿಕೊಂಡು ಜಗಳೂರಿಗೆ ನೀರು ತರಲು ಓಡಿದರು. ಇಲ್ಲಿ ಜನ ಬಿಸಿಲಿನಲ್ಲಿ ಕಾದು ಕಾದು ಗಲಾಟೆ ಎಬ್ಬಿಸಿದರು. ಬೆಳಿಗ್ಗೆ ಹಾಕಿದ ನೀರೇ ಸಾಕು ಎಂದು ಅಧ್ಯಕ್ಷರು ಬಾವುಟ ಬೀಸಿಬಿಟ್ಟರು. ಉಂಡೆ ಕಟ್ಟಿ ನೋಡುವವರು ಅಲ್ಲಿರಲಿಲ್ಲ.

ಆರು ಸುತ್ತು. ನ್ಯಾಮತಿಯ ಹಾಲೇಶ ಮುಂದೆ, ನಾನು ಎರಡನೆಯವನು. ಅವನು ನನ್ನದೇ ವಯಸ್ಸಿನವನು, ಗಾಡಿ ನನ್ನದಕ್ಕಿಂತ ಹೊಸದು, ಮನುಷ್ಯ ಬಲು ಶಾಂತ. ಐದು ಸುತ್ತು ಅವನ ಹಿಂದೆಯೇ ಅಂಟಿಕೊಂಡಿದ್ದೆ. ಕೊನೆಯ ಸುತ್ತಿನಲ್ಲಿ ಸುಣ್ಣದ ಗೆರೆಯೊಳಗೆ ಬಂದಾಗ ಅವನ ಹಿಂದಿನ ಗಾಲಿಯಿಂದ ಧೂಳು ಎದ್ದಿತು. ನಾನು ಅದನ್ನು ನೋಡಿದೆ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ, ಕಣ್ಣಾರೆ ನೋಡಿದೆ. ಧೂಳು ಎದ್ದರೆ ನೆಲ ಒಣಗಿದೆ ಎಂದೇ ಅರ್ಥ, ಒಣಗಿದ್ದರೆ ದಾಟಬಾರದು. ಕೆರೆಯಂಗಳದಲ್ಲಿ ಅಷ್ಟು ಭಾನುವಾರ ಕಲಿತವನಿಗೆ ಅದನ್ನು ಬೇರೆಯವರು ಹೇಳಿಕೊಡಬೇಕಿರಲಿಲ್ಲ. ಆದರೂ ಒಳಗಿನಿಂದ ನುಗ್ಗಿದೆ. ನನ್ನ ಹಿಂದಿನ ಗಾಲಿ ಜಾರಿ ಅವನ ಮುಂದಿನ ಗಾಲಿಗೆ ಅಡ್ಡ ಬಂತು. ಅವನು ಉರುಳಿಬಿದ್ದ. ನಾನು ಮುಕ್ತಾಯದ ಗೆರೆ ದಾಟಿ ಗೆದ್ದೆ.

ಹಾಲೇಶನ ಮೊಣಕೈ ತರಚಿತ್ತು, ಮಣಿಕಟ್ಟು ಊದಿತ್ತು. ದೊಡ್ಡ ಪೆಟ್ಟಾಗಿರಲಿಲ್ಲ, ದೇವರು ದೊಡ್ಡವನು. ಆದರೆ ಜಗಳ ದೊಡ್ಡದಾಯಿತು. ನ್ಯಾಮತಿಯವರು ನೆಲ ಒಣಗಿತ್ತು, ಇವನನ್ನು ಹೊರಗೆ ಹಾಕಿ ಎಂದರು. ಚನ್ನಗಿರಿಯವರು ಗೆರೆಯೊಳಗೇ ದಾಟಿದ್ದಾನೆ ಎಂದರು. ಸರಿಯಾಗಿ ಆ ಹೊತ್ತಿಗೆ ಟ್ಯಾಂಕರ್ ಬಂದು ನಿಂತಿತು. ಅಧ್ಯಕ್ಷರು ಮಾವನನ್ನು ಕರೆದು, "ನೀವೇ ನೋಡಿ ಹೇಳ್ರಿ" ಎಂದರು.

ಅವರ ಮುಂದೆ ಇದ್ದದ್ದು ಎರಡೇ ದಾರಿ. ಒಣಗಿತ್ತು ಎಂದರೆ ನಾನು ಹೊರಗೆ, ಗೆದ್ದವರಿಗೆ ಕೊಡುವ ಕಪ್ಪು ಹಾಲೇಶನಿಗೆ, ಅವರ ಮಾತಿಗೆ ಒಂದು ಚೂರೂ ಕುಂದಿಲ್ಲ. ಒದ್ದೆ ಇತ್ತು ಎಂದರೆ ನಾನು ಗೆದ್ದೆ, ಆದರೆ ಒದ್ದೆ ನೆಲದಲ್ಲೇ ಒಬ್ಬ ಬಿದ್ದ ಹಾಗಾಯಿತು, ಅವರು ಮತ್ತೆಂದೂ ಇಲ್ಲಿಗೆ ಬರುವ ಹಾಗಿಲ್ಲ. ಮಾವ ಬಾಗಿ ಒಂದು ಹಿಡಿ ಮಣ್ಣು ತೆಗೆದರು. ಅವರ ಪಕ್ಕದಲ್ಲಿ ನಿಂತವನು ನಾನೊಬ್ಬನೇ. ಒತ್ತಿದರು. ಮಣ್ಣು ಅವರ ಬೆರಳ ಸಂದಿಯಿಂದ ಹಿಟ್ಟಿನ ಹಾಗೆ ಉದುರಿತು. ತಕ್ಷಣ ಮುಷ್ಟಿ ಬಿಗಿಹಿಡಿದರು.

"ಒದ್ದೆ ಐತೆ ರೀ. ದಾಟಿದ್ದು ಸರಿ ಐತೆ."

"ಹಂಗಾದ್ರೆ ನಿಮ್ಮ ಮಾತು?"

"ಮಾತು ಅಂದ್ರೆ ಮಾತೇ. ಇದು ಕಡೇ ಲೋಡು" ಎಂದು ಲಾರಿಯ ಕಡೆ ನಡೆದರು.

ಬೈಕನ್ನು ಹಗ್ಗ ಕಟ್ಟಿ ಲಾರಿಯ ಹಿಂದಿನ ಹಲಗೆಯ ಮೇಲೆ ಏರಿಸಿ ನಾವಿಬ್ಬರೂ ಒಟ್ಟಿಗೆ ಊರಿಗೆ ಹೊರಟೆವು. ದಾವಣಗೆರೆ ದಾಟಿದ ಮೇಲೆ ಮಾವ, "ನೀರು ಹಾಕ್ಬೇಕಾದೋನು ನಾನು. ಹೊತ್ತಿಗೆ ಬರ್ಲಿಲ್ಲ. ತಪ್ಪು ನಂದೂ ಐತಲ್ಲ" ಎಂದರು. ಆಮೇಲೆ ನನ್ನ ಮುಖ ನೋಡಿದರು. ರಸ್ತೆ ಬಿಟ್ಟು ಬಹಳ ಹೊತ್ತು ನೋಡಿದರು, ಸ್ಟೇರಿಂಗ್ ಹಿಡಿದವರು ಹಾಗೆ ನೋಡಬಾರದು. ಏನನ್ನೋ ಕಾಯುತ್ತಿದ್ದ ಹಾಗಿತ್ತು... ನಾನು ಮಾತಾಡಿದೆ, ಮಾತಾಡದೆ ಏನು! ಎಷ್ಟನೇ ಗೇರಿನಲ್ಲಿದ್ದೆ, ಹೇಗೆ ಒಳಗೆ ನುಗ್ಗಿದೆ, ಜನ ಹೇಗೆ ಕೂಗಿದರು ಎಂದು ನಲ್ಲೂರು ಬರುವವರೆಗೂ ಬಾಯಿ ಮುಚ್ಚಲಿಲ್ಲ. ಅವರು ಹ್ಞೂಂಗುಟ್ಟುತ್ತ ಗಾಡಿ ಓಡಿಸಿದರು.

ಕಪ್ಪು ಒಂದು ವಾರ ನಮ್ಮ ಮನೆಯ ದೇವರ ಗೂಡಿನಲ್ಲಿತ್ತು. ಆಮೇಲೆ ಅದರಲ್ಲಿ ಸ್ಕ್ರೂ ಹಾಕಿಟ್ಟೆವು.

ಮುಂದಿನ ವರ್ಷ ರೇಸಿಗೆ ಬೇರೆ ಟ್ಯಾಂಕರ್ ಬಂತು. ಆ ಭಾನುವಾರ ರಸ್ತೆ ಕೆಲಸಕ್ಕೆ ರಜೆ ಇದ್ದರೂ ಮಾವ ಉಬ್ರಾಣಿ ಕಡೆ ಎಲ್ಲೋ ಲಾರಿ ತೆಗೆದುಕೊಂಡು ಹೋಗಿದ್ದರಂತೆ. ಸೋಮವಾರ ನಾನು ಹೋಗಿ ರೇಸಿನ ವರದಿ ಒಪ್ಪಿಸಿದೆ. ಯಾರು ಗೆದ್ದರು ಎಂದು ಅವರು ಕೇಳಲಿಲ್ಲ. "ನೀರು ಎಷ್ಟು ಹೊತ್ತಿಗೆ ಹಾಕಿದ್ರು?" ಎಂದಷ್ಟೇ ಕೇಳಿದರು. ಅದು ಪ್ರತಿ ವರ್ಷದ ಪದ್ಧತಿಯಾಯಿತು. ಸೋಮವಾರ ನಾನು ಹೋಗುವುದು, ಅವರು ಅದೇ ಪ್ರಶ್ನೆ ಕೇಳುವುದು, ನಾನು ಹೇಳಿದ ಮೇಲೆ ಸುಮ್ಮನೆ ಕೂತು ನನ್ನನ್ನು ನೋಡುವುದು. ಬಿಳಿ ಅಂಗಿಯನ್ನು ಮತ್ತೆ ಅವರ ಮೈಮೇಲೆ ನೋಡಲಿಲ್ಲ. ಏಳು ವರ್ಷ ಹೀಗೆ ನಡೆಯಿತು. ಸಕ್ಕರೆ ಕಾಯಿಲೆ ಇತ್ತು, ಕಾಲಿನ ಗಾಯ ವಾಸಿಯಾಗಲಿಲ್ಲ... ಎಂಟನೇ ವರ್ಷದ ಸೋಮವಾರ ನನ್ನ ವರದಿ ಕೇಳಲು ಮಾವ ಇರಲಿಲ್ಲ.

ನಾನು ಆ ಧೂಳಿನ ವಿಷಯ ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಮೊದಲು ಕಪ್ಪಿನ ಆಸೆ, ಆಮೇಲೆ ನಾಚಿಕೆ, ಅದಾದ ಮೇಲೆ ಇಷ್ಟು ವರ್ಷ ಕಳೆದಿದೆ ಇನ್ನೇನು ಎಂಬ ಉದಾಸೀನ. ಮಾವ ತಾವಾಗಿಯೇ ನನ್ನನ್ನು ಉಳಿಸಿದ್ದಾರೆ, ಅವರ ಮಾತನ್ನು ಸುಳ್ಳು ಮಾಡುವುದು ಸರಿಯಲ್ಲ ಎಂದು ನನಗೆ ನಾನೇ ಒಂದು ನಿಯಮವನ್ನೂ ಬರೆದುಕೊಂಡಿದ್ದೆ. ಬೇಕಾದ ಹಾಗೆ ನಿಯಮ ಬರೆಯುವುದರಲ್ಲಿ ನಾನು ಗಟ್ಟಿಗ, ಆಗಲೇ ಹೇಳಿದೆನಲ್ಲ.

ಮೊನ್ನೆಯ ಸಭೆಯಲ್ಲಿ ಹೊಸಬನೊಬ್ಬ ಎದ್ದು ನಿಂತು, ಒದ್ದೆ ನೆಲದ ಹಳೆಯ ನಿಯಮ ತೆಗೆದುಹಾಕಿ, ಅದು ಮೊದಲ ವರ್ಷವೇ ಸೋತಿದೆ, ಒದ್ದೆ ನೆಲದಲ್ಲೇ ಒಬ್ಬರು ಬಿದ್ದಿದ್ದರಂತೆ, ಟ್ಯಾಂಕರ್‌ನವನೇ ಒಪ್ಪಿಕೊಂಡು ಊರು ಬಿಟ್ಟನಂತೆ ಎಂದ. ಊರು ಬಿಟ್ಟನಂತೆ! ನನಗೆ ಮೈ ಉರಿದುಹೋಯಿತು. ಎದ್ದು ನಿಂತೆ. ನಿಯಮ ಸೋತಿಲ್ಲ, ಅವತ್ತು ನೆಲ ಒಣಗಿತ್ತು, ಧೂಳು ನೋಡಿಯೂ ನಾನೇ ನುಗ್ಗಿದೆ, ಅವರು ನನಗಾಗಿ ಸುಳ್ಳು ಹೇಳಿದರು ಎಂದುಬಿಟ್ಟೆ. ಹದಿನೆಂಟು ವರ್ಷ ಬಾಯಿಗೆ ಬಾರದ್ದು ಅರ್ಧ ನಿಮಿಷದಲ್ಲಿ ಮುಗಿಯಿತು.

ಹಾಲೇಶ ಎದುರಿನ ಕುರ್ಚಿಯಲ್ಲೇ ಇದ್ದ. ಅವನೂ ಈಗ ಕಮಿಟಿಯವನು. ಅವನು ಎದ್ದು ನನ್ನ ಕೊರಳಪಟ್ಟಿ ಹಿಡಿದರೂ ನಾನು ಸುಮ್ಮನಿರುತ್ತಿದ್ದೆ. ಅವನು ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತ.

"ನಂಗೆ ಅವತ್ತೇ ಗೊತ್ತಿತ್ತು ಮಾರಾಯ. ಬಿದ್ದಾಗ ಬಾಯಿ ತುಂಬ ಧೂಳು ಐತೆ, ಒದ್ದೆ ಅಂದ್ರೆ ನಂಬಾಕೆ ಆಗ್ತೈತಾ?" ಎಂದ. ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು ಮತ್ತೆ ಹೇಳಿದ. "ಮುಂದಿನ ವಾರ ಅವರು ನ್ಯಾಮತಿಗೆ ನಮ್ಮನೀಗೆ ಬಂದಿದ್ರು. ಕೈ ಮುಗಿದ್ರು. ಆ ಹುಡುಗ ಧೂಳು ನೋಡೇ ಇರ್ತಾನೆ, ಒಂದಿನ ತಾನಾಗೇ ಹೇಳ್ತಾನೆ, ಅಲ್ಲೀತಂಕ ನೀನು ಬಾಯಿ ಬಿಡಬ್ಯಾಡಪ್ಪ ಅಂದ್ರು. ಅದ್ಕೇ ಸುಮ್ನಿದ್ದೆ."

ಸಭೆ ನಿಯಮವನ್ನು ಉಳಿಸಿಕೊಂಡಿತು. ಒದ್ದೆಯಲ್ಲಿ ದಾಟು, ಒಣಗಿದಲ್ಲಿ ಸಾಲು. ಫೈನಲ್‌ಗೆ ಮುಂಚೆ ನೀರು ಬಾರದಿದ್ದರೆ ಬಾವುಟ ಬೀಸುವ ಹಾಗಿಲ್ಲ ಎಂದು ನಾನೇ ಒಂದು ಸಾಲು ಸೇರಿಸಿದೆ. ನಾಳೆ ರೇಸು ಚೆನ್ನಾಗಿಯೇ ನಡೆಯುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಹಾಲೇಶ ಹೇಳಿದ ಮೇಲೆ ಆ ಏಳು ಸೋಮವಾರಗಳು ನನ್ನನ್ನು ಬಿಡುತ್ತಿಲ್ಲ. ನಾನು ವರದಿ ಒಪ್ಪಿಸಿ ಮುಗಿಸಿದ ಮೇಲೆ ಅವರು ಸುಮ್ಮನೆ ಕೂತು ನನ್ನ ಮುಖ ನೋಡುತ್ತಿದ್ದರಲ್ಲ, ನನ್ನ ಮೇಲಿನ ಪ್ರೀತಿಗೆ ಹಾಗೆ ನೋಡುತ್ತಾರೆ ಎಂದುಕೊಂಡಿದ್ದೆ. ಪ್ರೀತಿಯೂ ಇತ್ತು. ಆದರೆ ಅವರು ಕಾಯುತ್ತಿದ್ದರು. ನಾನು ಪ್ರತಿ ಸಲ ಚಹಾ ಕುಡಿದು, "ಬರ್ತೀನಿ ಮಾವ" ಎಂದು ಎದ್ದು ಬರುತ್ತಿದ್ದೆ.